ಹಳೆ ಮನೆಗೆ ಹತ್ತು ಬಚ್ಚಲು: ಬಜಾರಿನ ಮಹಡಿ ಮನೆ ಹೋಟೆಲ್ ಆಗುವ ಲೆಕ್ಕ

ಈ ಸೆಮಿಸ್ಟರಿನ ಸ್ಟುಡಿಯೋ (ಕಟ್ಟಡ ವಿನ್ಯಾಸದ) ಕೆಲಸಕ್ಕೆ ನಾನು ಆರಿಸಿಕೊಂಡದ್ದು ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಹಳೆ ಮಹಡಿ ಮನೆ. ಮುಂದೆ ಮಳಿಗೆ, ಅದರ ಹಿಂದೆ ತೊಟ್ಟಿ (ಮೇಲೆ ತೆರೆದ ಒಳಂಗಳ), ತೊಟ್ಟಿಯ ಸುತ್ತ ಪಡಸಾಲೆ, ಆಮೇಲೆ ಅಡುಗೆಮನೆ, ಕೊನೆಯಲ್ಲಿ ಹಿತ್ತಲು. ಅಗಲ 22 ಅಡಿ, ಉದ್ದ 110 ಅಡಿ. ಇದನ್ನು ಹತ್ತು ಕೋಣೆಗಳ ಬುಟೀಕ್ ಹೋಟೆಲ್ ಮಾಡಬೇಕು. ಸುಮ್ನೆ ಪೇಂಟ್ ಹೊಡೆದು, ಹಿತ್ತಾಳೆ ದೀಪ ತೂಗಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಮೂರು ತಿಂಗಳಾದ ಮೇಲೆ ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇದೇ ತರಹದ ಕೆಲಸ ಹಿಡಿದವರಿಗೆ ಬೇಕಾಗಬಹುದು.

ಬುಟೀಕ್ ಹೋಟೆಲ್ ಎಂದರೆ ಕೋಣೆ ಕಡಿಮೆ, ಪ್ರತಿ ಕೋಣೆಗೂ ಅದರದ್ದೇ ರೂಪ, ಮತ್ತು ಆ ಊರಿನ ಗುರುತು ಕಾಣಬೇಕು. ಪುದುಚೇರಿಯಲ್ಲಿ, ಚೆಟ್ಟಿನಾಡಿನಲ್ಲಿ ಹಳೆ ಮನೆಗಳು ಹೀಗೆ ಹೋಟೆಲ್ ಆಗಿವೆ. ಮೈಸೂರಿನ ಲಲಿತಮಹಲ್ ಕೂಡ ಅರಮನೆಯಿಂದ ಹೋಟೆಲ್ ಆದದ್ದೇ. ಆದರೆ ಅದನ್ನು ಮಾದರಿ ಮಾಡಿಕೊಳ್ಳಬೇಡಿ. ಅರಮನೆಯ ಕಷ್ಟವೇ ಬೇರೆ, ಬಜಾರಿನ ಮನೆಯ ಕಷ್ಟವೇ ಬೇರೆ. ಅಲ್ಲಿ ಜಾಗ ಜಾಸ್ತಿ. ಇಲ್ಲಿ ಎರಡೂ ಪಕ್ಕಕ್ಕೆ ಬೇರೆಯವರ ಗೋಡೆ.

ಮೊದಲು ನೀರು, ಆಮೇಲೆ ಕೋಣೆ

ಮೊದಲ ದಿನ ಅಳತೆಗೆ ಹೋದಾಗ ಹಳೆ ಮನೆಗಳ ದುರಸ್ತಿ ಮಾಡುವ ಮೇಸ್ತ್ರಿಯೊಬ್ಬರು ಜೊತೆಗಿದ್ದರು. ನಾನು ಟೇಪ್ ಬಿಚ್ಚುವ ಮೊದಲೇ ಹೇಳಿದರು: "ತಮ್ಮಾ, ಈ ಮನೇಲಿ ನೀರು ಎಲ್ಲೆಲ್ಲಿ ಬೀಳ್ತದೆ, ಎಲ್ಲಿಂದ ಹೊರಗೆ ಹೋಗ್ತದೆ, ಅದನ್ನ ನೋಡ್ಕಂಡು ಬಾ. ಕೋಣೆ ಆಮೇಲೆ ಎಣಿಸುವಂತೆ ಮಾರಾಯ."

ಆಗ ಅದು ತಮಾಷೆ ಅನ್ನಿಸಿತ್ತು. ಈಗ ಇಡೀ ಟಿಪ್ಪಣಿಗೆ ಅದೇ ತಲೆಬರಹ ಆಗಬಹುದು.

ಹಳೆ ಮನೆ ಕಟ್ಟಿದವರು ನೀರನ್ನು ಮರದಿಂದ ದೂರ ಇಟ್ಟರು. ಬಚ್ಚಲು ಹಿತ್ತಲಿನಲ್ಲಿ. ಹಂಡೆ, ಒಲೆ, ತೊಳೆಯುವ ಕಲ್ಲು ಎಲ್ಲ ಅಲ್ಲೇ. ಕಕ್ಕಸು ಇನ್ನೂ ಆಚೆ. ಮಾಡಿನ ಮಳೆ ನೀರು ಮಾತ್ರ ತೊಟ್ಟಿಗೆ ಬಿದ್ದು, ಕಲ್ಲು ಹಾಸಿನ ಕೆಳಗಿನ ಮೋರಿಯಿಂದ ಹಿಂದಕ್ಕೆ ಹೋಗುತ್ತಿತ್ತು. ಅಂದರೆ ಇಡೀ ಮನೆಯಲ್ಲಿ ನೀರಿಗೆ ಎರಡೇ ದಾರಿ: ತೊಟ್ಟಿ ಮತ್ತು ಹಿತ್ತಲು. ಮಹಡಿಯ ಮೇಲೆ ಯಾರೂ ಒಂದು ಕೊಡ ನೀರು ಚೆಲ್ಲುತ್ತಿರಲಿಲ್ಲ. ಸಾಗರದ ಕಡೆ ಮೆತ್ತು ಎನ್ನುವ ಈ ಮೇಲಿನ ಅಂತಸ್ತು ಅಡಿಕೆ, ಭತ್ತ, ಪಾತ್ರೆ ಇಡುವುದಕ್ಕೆ ಮತ್ತು ಮಲಗುವುದಕ್ಕೆ.

ಹೋಟೆಲ್ ಕೇಳುವುದು ಇದಕ್ಕೆ ಪೂರ್ತಿ ಉಲ್ಟಾ. ಪ್ರತಿ ಕೋಣೆಗೂ ಹೊಂದಿಕೊಂಡ ಬಚ್ಚಲು ಬೇಕು, ಅದೂ ದಿನಾ ಬಿಸಿನೀರಿನ ಶವರ್. ಮರದ ಮಹಡಿಯ ಮೇಲೆ ಆರು ಬಚ್ಚಲು! ಕಷ್ಟವೆಲ್ಲ ಹುಟ್ಟುವುದು ಇಲ್ಲಿಂದಲೇ.

ಮಹಡಿಯ ನೆಲ ಎಷ್ಟು ಹೊರುತ್ತದೆ

ಈ ಮನೆಯ ಮಹಡಿ ಹೀಗಿದೆ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತೆ (ಸಣ್ಣ ಅಡ್ಡತೊಲೆ), ಜಂತೆಯ ಮೇಲೆ ಹಲಗೆ, ಹಲಗೆಯ ಮೇಲೆ ಸುಮಾರು 10 ಸೆಂ.ಮೀ. ಮಣ್ಣು, ಅದರ ಮೇಲೆ ನುಣುಪಾದ ಗಾರೆ. ಗೋಡೆ ಇಟ್ಟಿಗೆಯದು, ನಡುವೆ ಮಣ್ಣು ಮತ್ತು ಸುಣ್ಣ. ತೀರ್ಥಹಳ್ಳಿ, ಸಾಗರದ ಕಡೆಯಾದರೆ ಇಟ್ಟಿಗೆಯ ಬದಲು ಜಂಬಿಟ್ಟಿಗೆ ಸಿಗುತ್ತದೆ.

ಭಾರದ ಲೆಕ್ಕಕ್ಕೆ ನಾವು ಬಳಸುವುದು ಐಎಸ್ 875 ಎಂಬ ಭಾರತೀಯ ಮಾನಕದ ಎರಡನೇ ಭಾಗ. ಹೋಟೆಲಿನ ಮಲಗುವ ಕೋಣೆಗೆ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ. ಊಟದ ಹಾಲಿಗೆ 4, ಅಂದರೆ ಎರಡರಷ್ಟು. ಇದು ಜನ, ಮಂಚ, ಕುರ್ಚಿಯ ಭಾರ ಮಾತ್ರ. ನೆಲದ ಸ್ವಂತ ಭಾರ ಬೇರೆ.

ಇಲ್ಲಿ ನಾನು ಎಡವಿದೆ. ಬಜಾರಿನ ಕಡೆ ಮುಖ ಮಾಡಿದ ಮುಂದಿನ ಮಹಡಿಯಲ್ಲಿ ಊಟದ ಹಾಲ್ ಬರೆದಿದ್ದೆ. ನೋಟ ಚೆನ್ನಾಗಿದೆ ಅಲ್ವಾ ಅಂತ. ಸ್ಟುಡಿಯೋದ ಗೈಡ್ ಕೆಂಪು ಪೆನ್ನಿನಲ್ಲಿ "400 ಕಿಲೋ?" ಎಂದಷ್ಟೇ ಬರೆದು ವಾಪಸ್ ಕೊಟ್ಟರು. ಊಟದ ಹಾಲ್ ಕೆಳಗಿನ ಮಳಿಗೆಗೆ ಇಳಿಯಿತು. ಹಾಗೆ ನೋಡಿದರೆ ಅದಕ್ಕೆ ಸರಿಯಾದ ಜಾಗವೂ ಅದೇ. ಬೀದಿಯಿಂದಲೇ ಜನ ಕಾಫಿಗೆ ಒಳಗೆ ಬರಬಹುದು.

ಈಗ ಬಚ್ಚಲಿಗೆ ಬನ್ನಿ. ಸಾಮಾನ್ಯ ಕಾಂಕ್ರೀಟ್ ಕಟ್ಟಡದಲ್ಲಿ ಬಚ್ಚಲಿನ ನೆಲವನ್ನು ಒಂದು ಅಡಿ ತಗ್ಗಿಸಿ, ಪೈಪ್ ಎಳೆದು, ಇಟ್ಟಿಗೆ ಚೂರು ತುಂಬುತ್ತಾರೆ. 5 ಅಡಿಗೆ 7 ಅಡಿಯ ಬಚ್ಚಲು ಎಂದರೆ ಸುಮಾರು 3.25 ಚದರ ಮೀಟರ್. ಅದಕ್ಕೆ 30 ಸೆಂ.ಮೀ. ತುಂಬಿದರೆ ಹೆಚ್ಚುಕಡಿಮೆ ಒಂದು ಘನ ಮೀಟರ್. ತೂಕ ಒಂದೂವರೆ ಟನ್‌ಗಿಂತ ಜಾಸ್ತಿ. ಚದರ ಮೀಟರಿಗೆ 500 ಕಿಲೋ ಹತ್ತಿರ ಬಂತು, ಇನ್ನೂ ಟೈಲ್ಸ್ ಹಾಕಿಲ್ಲ. ಜಂತೆಯ ನೆಲಕ್ಕೆ ಇದು ಆಗುವ ಮಾತಲ್ಲ.

ಎರಡನೇ ಗಂಡಾಂತರ ಪೈಪಿನ ಇಳಿಜಾರು. ಕಕ್ಕಸಿನ ನಾಲ್ಕಿಂಚಿನ ಪೈಪಿಗೆ 40ಕ್ಕೆ 1ರಷ್ಟು ಇಳಿಜಾರು ಕೊಡುವುದು ವಾಡಿಕೆ. ಪೈಪ್ 6 ಮೀಟರ್ ಅಡ್ಡ ಓಡಿದರೆ 15 ಸೆಂ.ಮೀ. ಕೆಳಗೆ ಇಳಿಯಬೇಕು. ಪೈಪಿನದ್ದೇ 10 ಸೆಂ.ಮೀ. ಸೇರಿಸಿದರೆ 25 ಬೇಕು. ನಮ್ಮ ಜಂತೆಯ ಆಳವೇ 8 ಇಂಚು, ಅಂದರೆ 20 ಸೆಂ.ಮೀ. ಆಗ ಪ್ಲಂಬರ್ ಏನು ಮಾಡುತ್ತಾನೆ? ಜಂತೆಯಲ್ಲಿ ಕಚ್ಚು ಕಡಿಯುತ್ತಾನೆ. ಇದಕ್ಕೆ ಯಾವ ಕಾರಣಕ್ಕೂ ಅವಕಾಶ ಕೊಡಬೇಡಿ. ತೊಲೆ, ಜಂತೆ ಬಾಗಿ ಮುರಿಯುವುದನ್ನು ತಡೆಯುವ ಶಕ್ತಿ ಆಳದ ವರ್ಗಕ್ಕೆ ತಕ್ಕಂತೆ ಇರುತ್ತದೆ. 8 ಇಂಚಿನ ಜಂತೆಯಲ್ಲಿ 2 ಇಂಚು ಕಡಿದರೆ ಉಳಿದ ಆಳ ಮುಕ್ಕಾಲು. ಮುಕ್ಕಾಲರ ವರ್ಗ 0.56. ಕಾಲುಭಾಗ ಮರ ಹೋಯಿತು, ಅರ್ಧದ ಹತ್ತಿರ ಶಕ್ತಿ ಹೋಯಿತು. ಪರೀಕ್ಷೆಗೆ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಹಾಗಾದರೆ ಬಚ್ಚಲು ಎಲ್ಲಿ

ಹಳಬರ ಎರಡು ದಾರಿಗಳಿಗೇ ವಾಪಸ್ ಹೋದೆ.

ಹಿತ್ತಲಿನಲ್ಲಿ ಹೊಸದಾಗಿ ಒಂದು ಗೋಪುರ. ಅದಕ್ಕೆ ಅದರದ್ದೇ ಪಾಯ, ಅದರದ್ದೇ ಉಕ್ಕಿನ ಕಂಬ. ಹಳೆ ಗೋಡೆಯ ಮೇಲೆ ಒಂದು ಕಿಲೋ ಭಾರವನ್ನೂ ಹಾಕುವುದಿಲ್ಲ. ಎರಡರ ನಡುವೆ ಸಣ್ಣ ಸಂದು ಬಿಟ್ಟು, ಮೇಲೆ ತಗಡಿನ ಹೊದಿಕೆ. ಹೊಸ ಪಾಯ ಸ್ವಲ್ಪ ಕುಸಿದೇ ಕುಸಿಯುತ್ತದೆ. ಹಳೆಯದು ಕುಸಿಯುವಷ್ಟು ಕುಸಿದು ಆಗಿದೆ. ಎರಡನ್ನೂ ಬಿಗಿಯಾಗಿ ಕಟ್ಟಿದರೆ ಬಿರುಕು ಗ್ಯಾರಂಟಿ. ಹಿಂದಿನ ಕೋಣೆಗಳ ಬಚ್ಚಲೆಲ್ಲ ಈ ಗೋಪುರದಲ್ಲಿ, ಒಂದರ ಮೇಲೊಂದು.

ತೊಟ್ಟಿಯ ಪಕ್ಕದ ಕೋಣೆಗಳಿಗೆ ಬೇರೆ ಉಪಾಯ. ನೆಲ ತಗ್ಗಿಸುವ ಬದಲು ಎತ್ತರಿಸುವುದು. ಹಗುರ ಉಕ್ಕಿನ ಚೌಕಟ್ಟು, ಮೇಲೆ ಸಿಮೆಂಟ್ ಹಲಗೆ, ಅದರ ಮೇಲೆ ನೀರು ಇಳಿಯದ ಪದರ, ಟೈಲ್ಸ್. ಪೈಪ್ ಈ ಜಗಲಿಯೊಳಗೇ ಓಡಿ, ತೊಟ್ಟಿಯ ಮೂಲೆಯ ಡಕ್ಟ್‌ಗೆ (ಪೈಪ್ ಇಳಿಯುವ ಕಿರಿದಾದ ಸಂದು) ಇಳಿಯುತ್ತದೆ. ಕೋಣೆಯಿಂದ ಬಚ್ಚಲಿಗೆ ಒಂದು ಮೆಟ್ಟಿಲು ಹತ್ತಬೇಕು. ವಯಸ್ಸಾದವರಿಗೆ ಇದು ತೊಂದರೆ, ಒಪ್ಪುತ್ತೇನೆ. ಅವರಿಗೆ ಕೆಳಗಿನ ಕೋಣೆ ಕೊಡಬೇಕು. ಒಂದು ಎಚ್ಚರಿಕೆ: ತೊಟ್ಟಿಯ ಹಳೆ ಮೋರಿ ಮಳೆ ನೀರಿಗೆ ಮಾತ್ರ. ಬಚ್ಚಲು, ಕಕ್ಕಸಿನ ನೀರಿಗೆ ಬೇರೆ ಪೈಪ್, ಬೇರೆ ಚೇಂಬರ್.

ಬಜಾರಿನ ಕಡೆಯ ಎರಡು ಕೋಣೆ ಈ ಎರಡೂ ದಾರಿಗೆ ದೂರ. ಅವೆರಡನ್ನೂ ಸೇರಿಸಿ ಒಂದೇ ದೊಡ್ಡ ಕೋಣೆ ಮಾಡಿದೆ. ಮಂಚ, ಕಿಟಕಿ ಮುಂದೆ; ಬಚ್ಚಲು ಹಿಂದೆ, ತೊಟ್ಟಿಗೆ ತಾಗಿ. ಒಂದು ಕೋಣೆ ಹೋಯಿತು.

ಮಣ್ಣಿನ ಪದರದ ವಿಷಯ ಸ್ವಾರಸ್ಯ ಇದೆ. 10 ಸೆಂ.ಮೀ. ಮಣ್ಣು ಎಂದರೆ ಚದರ ಮೀಟರಿಗೆ ಸುಮಾರು 170 ಕಿಲೋ. ತೆಗೆದುಬಿಟ್ಟರೆ ಅಷ್ಟು ಭಾರ ಉಳಿಯಿತು ಎಂದು ಖುಷಿಪಟ್ಟೆ. ಆದರೆ ಕೆಳಗಿನ ಬೆಂಕಿ ಮೇಲಕ್ಕೆ ಹೋಗದಂತೆ, ಮೇಲಿನ ಹೆಜ್ಜೆ ಸದ್ದು ಕೆಳಗೆ ಕೇಳದಂತೆ ತಡೆಯುತ್ತಿದ್ದುದೂ ಅದೇ ಮಣ್ಣು. ಹೋಟೆಲಿನಲ್ಲಿ ರಾತ್ರಿ ಎರಡು ಗಂಟೆಗೆ ಮೇಲಿನವರು ಎದ್ದು ಓಡಾಡಿದರೆ ಕೆಳಗಿನವರಿಗೆ ನಿದ್ದೆ ಬರಬೇಕಲ್ಲ. ಕೊನೆಗೆ ಬಚ್ಚಲಿನ ಜಾಗದಲ್ಲಿ ಮಾತ್ರ ಮಣ್ಣು ತೆಗೆದು, ಉಳಿದ ಕಡೆ ಹಾಗೇ ಬಿಟ್ಟೆ.

ಗೋಡೆಗೆ ಉಸಿರು

ಈ ಮನೆಯ ಹೊರಗೋಡೆಗೆ ಯಾವಾಗಲೋ ಸಿಮೆಂಟ್ ಗಿಲಾವು ಬಳಿದಿದ್ದಾರೆ. ಗಟ್ಟಿ ಆಗಲಿ ಎಂದು. ಆಗಿದ್ದು ಬೇರೆ. ನೆಲದ ತೇವ ಇಟ್ಟಿಗೆಯಲ್ಲಿ ಮೇಲಕ್ಕೆ ಏರುವುದು ಸಹಜ. ಸುಣ್ಣದ ಗಾರೆಯಾದರೆ ಆ ತೇವ ಅದರೊಳಗಿಂದಲೇ ಆರಿ ಹೋಗುತ್ತದೆ. ಸಿಮೆಂಟ್ ಬಿಡುವುದಿಲ್ಲ. ದಾರಿ ಸಿಗದ ನೀರು ಇನ್ನೂ ಮೇಲೆ ಏರುತ್ತದೆ. ನಮ್ಮಲ್ಲಿ ಕಿಟಕಿ ದಂಡೆವರೆಗೆ ಬಂದಿತ್ತು. ಗೋಡೆ ಆರದಿದ್ದರೆ ಅದರಲ್ಲಿ ಕೂತ ತೊಲೆಯ ತುದಿಗೂ ತೇವ. ಮರದ ತೇವ ಶೇಕಡಾ 20 ದಾಟಿ ಹಾಗೇ ಉಳಿದರೆ ಕೊಳೆ ಶುರು, ಹಿಂದೆಯೇ ಗೆದ್ದಲು. ತೊಲೆ ಪರೀಕ್ಷೆ ಮಾಡುವಾಗ ನಡುಭಾಗ ನೋಡಿ ಸಮಾಧಾನ ಪಡಬೇಡಿ. ಗೋಡೆಯೊಳಗೆ ಹೋಗುವ ತುದಿಗೆ ಚೂಪಾದ ದಬ್ಬಳ ಚುಚ್ಚಿ ನೋಡಿ. ನಮ್ಮ ಹದಿನಾಲ್ಕು ತೊಲೆಗಳಲ್ಲಿ ಮೂರಕ್ಕೆ ದಬ್ಬಳ ಬೆಣ್ಣೆಗೆ ಇಳಿದಂತೆ ಇಳಿಯಿತು.

ದುರಸ್ತಿಗೆ ಸಿಮೆಂಟ್ ಕೆತ್ತಿ, ಸುಣ್ಣದ ಗಾರೆ ಬಳಿಯಬೇಕು. ಸುಣ್ಣದ ಕಲ್ಲು ಸುಟ್ಟು, ನೀರಲ್ಲಿ ಅರಳಿಸಿ, ಮರಳಿನ ಜೊತೆ ಅರೆಯುವುದು. ಬೆಲ್ಲ, ಅಳಲೆಕಾಯಿ ನೀರು ಸೇರಿಸುವ ಪದ್ಧತಿಯೂ ಇದೆ. ಬಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ. ಆ 'ನಿಧಾನಕ್ಕೆ' ಎನ್ನುವುದೇ ಗುತ್ತಿಗೆದಾರರಿಗೆ ಸಿಟ್ಟು. ಜೂನ್ ಬರುವ ಮೊದಲೇ ಹೊರಗಿನ ಗಾರೆ ಮುಗಿದು ಆರಿರಬೇಕು. ಮಲೆನಾಡಿನ ಅಂಚಿನ ಊರಲ್ಲಿ ಕೆಲಸದ ಕ್ಯಾಲೆಂಡರ್ ಬರೆಯುವುದು ಮಳೆಯೇ.

ತೊಟ್ಟಿಗೆ ಗಾಜು ಮುಚ್ಚುವ ಆಸೆ ಎಲ್ಲರಿಗೂ ಬರುತ್ತದೆ. ಮುಚ್ಚಿ, ಆದರೆ ಮಾಡಿಗಿಂತ ಎರಡು ಅಡಿ ಮೇಲೆ, ನಾಲ್ಕೂ ಕಡೆ ಗಾಳಿ ಆಡುವಂತೆ. ಬಿಸಿಗಾಳಿ ಮೇಲೆ ಹೋಗಿ ಹೊರಬೀಳುವ ಚಿಮಣಿ ಅದು. ಬಿಗಿಯಾಗಿ ಮುಚ್ಚಿದರೆ ಏಪ್ರಿಲ್‌ನಲ್ಲಿ ಒಳಗೆ ಹಪ್ಪಳ ಒಣಗಿಸಬಹುದು.

ಬೆಂಕಿ, ಮೆಟ್ಟಿಲು, ಕಾಗದ

ಮರದ ಮನೆ ಬೇಗ ಸುಡುತ್ತದೆ ಎಂಬುದು ಅರ್ಧ ಸತ್ಯ. ದಪ್ಪ ತೊಲೆ ನಿಮಿಷಕ್ಕೆ ಅರ್ಧದಿಂದ ಮುಕ್ಕಾಲು ಮಿ.ಮೀ. ಕರಿಯಾಗುತ್ತಾ ಹೋಗುತ್ತದೆ, ಅರ್ಧ ಗಂಟೆಗೆ ಸುಮಾರು 2 ಸೆಂ.ಮೀ. ಒಳಗಿನ ಮರ ಗಟ್ಟಿಯಾಗಿಯೇ ಇರುತ್ತದೆ. ಹೊದಿಕೆ ಇಲ್ಲದ ಉಕ್ಕು 550 ಡಿಗ್ರಿ ಹತ್ತಿರ ಅರ್ಧ ಶಕ್ತಿ ಕಳೆದುಕೊಳ್ಳುತ್ತದೆ. ನಿಜವಾದ ಅಪಾಯ ತೆಳು ಹಲಗೆ, ಹಳೆ ವೈರಿಂಗ್, ಮತ್ತು ಮೆಟ್ಟಿಲು. ನಮ್ಮ ಮನೆಯ ಮೆಟ್ಟಿಲು ಎರಡೂವರೆ ಅಡಿ ಅಗಲ, ಏಣಿಯಷ್ಟು ಕಡಿದು. ರಾಷ್ಟ್ರೀಯ ಕಟ್ಟಡ ಸಂಹಿತೆ ಹೋಟೆಲಿಗೆ ಕೇಳುವುದು ಒಂದೂವರೆ ಮೀಟರ್. ಹಳೆಯದನ್ನು ನೋಡಲಿಕ್ಕೆ ಉಳಿಸಿ, ಹೊಸ ಮೆಟ್ಟಿಲನ್ನು ಹಿಂದೆ, ಗೋಪುರಕ್ಕೆ ತಾಗಿಸಿ ಇಟ್ಟೆ. ಅದಕ್ಕೆ ಕೆಳಗಿನ ಒಂದು ಕೋಣೆ ಹೋಯಿತು. ಈಗ ಉಳಿದದ್ದು ಎಂಟು.

ಅನುಮತಿಗಳ ಪಟ್ಟಿ ಉದ್ದ: ಪಾಲಿಕೆ, ಅಗ್ನಿಶಾಮಕ, ಆಹಾರ ಪರವಾನಗಿ. ಎರಡು ಅಂಶ ಮಾತ್ರ ಬರೆಯುತ್ತೇನೆ. ಕೇಂದ್ರ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಪಕ್ಕದ ಮನೆ ಆರಿಸಿಕೊಂಡವರಿಗೆ ಈ ಹಿತ್ತಲ ಗೋಪುರದ ಉಪಾಯ ನಡೆಯುವುದಿಲ್ಲ. ಇನ್ನೊಂದು, ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೆರಿಟೇಜ್ ದರ್ಜೆ. ಕಟ್ಟಡ 1950ಕ್ಕೆ ಮೊದಲಿನದ್ದಾಗಿರಬೇಕು, ಕನಿಷ್ಠ 5 ಕೋಣೆ ಇರಬೇಕು, ಮುಖದ ರೂಪ ಕೆಡಿಸಿರಬಾರದು. ಮೇಲಿನ 'ಕ್ಲಾಸಿಕ್' ದರ್ಜೆಗೆ 1935ಕ್ಕೆ ಮೊದಲಿನದ್ದಾಗಿದ್ದು 15 ಕೋಣೆ ಬೇಕು. ನಮಗೆ ಅದು ಕನಸು.

ಎರಡು ಕೋಣೆ ಹೋದ ನಷ್ಟ

ಮನೆಯ ಯಜಮಾನರಿಗೆ ಇದನ್ನು ಹೇಳುವುದು ಹೇಗೆ ಎಂದು ಹೆದರಿದ್ದೆ. ಲೆಕ್ಕ ಬರೆದುಕೊಂಡು ಹೋದೆ. ದರ, ಭರ್ತಿ ಎರಡೂ ನಾನು ಹಿಡಿದ ಅಂದಾಜು. ಹತ್ತು ಕೋಣೆ, ರಾತ್ರಿಗೆ 4,000 ರೂಪಾಯಿ, ವರ್ಷದ ಅರ್ಧದಷ್ಟು ದಿನ ಭರ್ತಿ: 1,825 ರಾತ್ರಿ, 73 ಲಕ್ಷ. ಎಂಟು ಕೋಣೆಯಾದರೆ 1,460 ರಾತ್ರಿ. ಅದೇ 73 ಲಕ್ಷ ಬರಬೇಕಾದರೆ ದರ 5,000 ಆಗಬೇಕು. ಸಾವಿರ ರೂಪಾಯಿ ಜಾಸ್ತಿ ಕೊಡುವವರು ಇದ್ದಾರಾ ಎಂಬುದೇ ಪ್ರಶ್ನೆ. 2023ರಲ್ಲಿ ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣ ಶುರುವಾಯಿತು. ಜೋಗ, ಸಕ್ರೆಬೈಲು, ಆಗುಂಬೆಗೆ ಹೋಗುವವರು ಊರಲ್ಲಿ ಒಂದು ರಾತ್ರಿ ಉಳಿಯಬಹುದು. ಆದರೆ ಬಜಾರಿನಲ್ಲಿ ಕಾರು ನಿಲ್ಲಿಸಲು ಜಾಗ ಇಲ್ಲ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ಬಂದಾಗ ಬಾಗಿಲವರೆಗೆ ಆಟೋ ಕೂಡ ಬರುವುದಿಲ್ಲ. ಅದನ್ನೂ ಬರೆದೆ.

ಯಜಮಾನರು ಪೂರ್ತಿ ಕೇಳಿದರು. ಆಮೇಲೆ ಹೇಳಿದರು: "ಎಂಟು ಸಾಕಪ್ಪ. ಆದ್ರೆ ಹಿತ್ತಲ ತೆಂಗಿನಮರ ಕಡಿಯಂಗಿಲ್ಲ. ಅದು ನಮ್ಮಮ್ಮ ನೆಟ್ಟಿದ್ದು."

ಮರ ಇರುವುದು ಸರಿಯಾಗಿ ಗೋಪುರದ ಪಾಯದ ಮೇಲೆ. ಗೋಪುರವನ್ನು ನಾಲ್ಕು ಅಡಿ ಆಚೆ ಸರಿಸಿ ಮತ್ತೆ ಬರೆಯುತ್ತಿದ್ದೇನೆ. ನಾಲ್ಕು ಅಡಿ ಎಂದರೆ 1.2 ಮೀಟರ್. 40ಕ್ಕೆ 1ರ ಲೆಕ್ಕದಲ್ಲಿ ಪೈಪಿಗೆ ಇನ್ನೂ 3 ಸೆಂ.ಮೀ. ಇಳಿಜಾರು ಹುಡುಕಬೇಕು.