ಲೈಬ್ರರಿ ಮೂಲೆಯ ಮೈಕ್ರೋಫಿಲ್ಮನ್ನ ಯಾಕೆ ಎಸೀಬಾರ್ದು

ಯೂನಿವರ್ಸಿಟಿ ಲೈಬ್ರರಿಗಳಲ್ಲಿ ಮಲ್ಟಿಮೀಡಿಯಾ ಸೆಕ್ಷನ್ ಅಂತ ಒಂದು ಇರತ್ತೆ, ಕ್ಯಾಸೆಟ್, ವಿಎಚ್‌ಎಸ್ ಟೇಪ್, ಗ್ರಾಮಫೋನ್ ಪ್ಲೇಟು, ಸಿಡಿ, ಡಿವಿಡಿ ಎಲ್ಲ ಅಲ್ಲೇ. ಅದರ ಪಕ್ಕದಲ್ಲಿ ಒಂದಷ್ಟು ಸ್ಟೀಲ್ ಕ್ಯಾಬಿನೆಟ್ಟು, ಒಳಗೆ ಸಣ್ಣ ಸಣ್ಣ ಡಬ್ಬಿಗಳಲ್ಲಿ ಮೈಕ್ರೋಫಿಲ್ಮ್ ರೀಲು, ಲಕೋಟೆಗಳಲ್ಲಿ ಮೈಕ್ರೋಫಿಶ್. ಆ ಕಡೆ ಹೋಗೋರೇ ಕಡಿಮೆ, ಹೋದೋರೂ ದೊಡ್ಡ ರೀಡರ್ ಮಷೀನ್ ನೋಡಿ ಇದನ್ನ ಇನ್ನೂ ಯಾಕಪ್ಪಾ ಇಟ್ಕೊಂಡಿದಾರೆ ಅಂತಾರೆ. ನನ್ನ ಕೇಳಿದ್ರೆ ಇಡೀ ಸೆಕ್ಷನ್ನಲ್ಲಿ ಹೆಚ್ಚು ಕಾಲ ಬಾಳೋದು ಅದೇ, ಪಕ್ಕದ ಕಪಾಟಿನಲ್ಲಿರೋ ಎಷ್ಟೋ ಸಾಮಾನು ಈಗಾಗ್ಲೇ ಸದ್ದಿಲ್ಲದೆ ಹಾಳಾಗ್ತಿದೆ.

ಮೈಕ್ರೋಫಿಲ್ಮ್ ಅಂದ್ರೆ ದೊಡ್ಡ ಮ್ಯಾಜಿಕ್ ಏನಲ್ಲ, ಪುಟದ ಫೋಟೋನ ತೀರಾ ಚಿಕ್ಕದಾಗಿ ತೆಗೆದಿಡೋದು. ಪೇಪರುಗಳಿಗೆ ಸಾಮಾನ್ಯವಾಗಿ 35 ಎಂಎಂ ಅಗಲದ ಫಿಲ್ಮು, ಒಂದು ರೀಲು ಸುಮಾರು 30 ಮೀಟರ್ ಉದ್ದ, ಅಷ್ಟರಲ್ಲಿ ದಿನಪತ್ರಿಕೆಯ ನೂರಾರು ಪುಟ ಕೂರತ್ತೆ. ಮೈಕ್ರೋಫಿಶ್ ಅನ್ನೋದು ರೀಲಲ್ಲ, 105 × 148 ಎಂಎಂ ಅಳತೆಯ ಚಪ್ಪಟೆ ಹಾಳೆ, 24 ಪಟ್ಟು ಕುಗ್ಗಿಸಿದ್ರೆ ಒಂದು ಹಾಳೇಲಿ 98 ಪುಟ. ಇಷ್ಟು ಕುಗ್ಗಿಸಿದ್ರೂ ಅಕ್ಷರ ಕಲಸಿಹೋಗಲ್ಲ, ಯಾಕಂದ್ರೆ ಈ ಫಿಲ್ಮಿನಲ್ಲಿ ಚಿತ್ರ ಮೂಡಿಸೋ ಬೆಳ್ಳಿ ಕಣಗಳು ತುಂಬಾ ಸಣ್ಣ, ಒಳ್ಳೇ ಫಿಲ್ಮಲ್ಲಿ ಒಂದು ಮಿಲಿಮೀಟರ್ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜೋಡಿ ಗೆರೆ ಬೇರೆಬೇರೆಯಾಗಿ ಕಾಣತ್ತೆ.

ಇದೇನು ಕಂಪ್ಯೂಟರ್ ಕಾಲಕ್ಕೆ ಸ್ವಲ್ಪ ಮುಂಚೆ ಬಂದಿದ್ದು ಅಂದ್ಕೋಬೇಡಿ. ಫೋಟೋಗ್ರಫಿ ಹುಟ್ಟಿದ 1839ರಲ್ಲೇ ಇಂಗ್ಲೆಂಡಿನ ಜಾನ್ ಬೆಂಜಮಿನ್ ಡ್ಯಾನ್ಸರ್ ಅನ್ನೋ ಲೆನ್ಸ್ ಕುಶಲಕರ್ಮಿ ಕಾಗದಪತ್ರವನ್ನ 160 ಪಟ್ಟು ಕುಗ್ಗಿಸಿ ತೋರಿಸಿದ್ದ. ಆಗ ಅದು ಬರೀ ತಮಾಷೆ ಆಟ. ನಿಜವಾಗಿ ಕೆಲಸಕ್ಕೆ ಬಂದಿದ್ದು 1870ರಲ್ಲಿ, ಪ್ರಷ್ಯಾ ಸೈನ್ಯ ಪ್ಯಾರಿಸ್ ನಗರಾನ ಸುತ್ತುವರಿದಾಗ. ಟಪಾಲು ಬಂದ್, ಟೆಲಿಗ್ರಾಫ್ ತಂತಿ ಕಟ್. ಪಾರಿವಾಳ ತನ್ನ ಗೂಡಿಗಷ್ಟೇ ವಾಪಸ್ ಹಾರತ್ತೆ ತಾನೇ, ಅದಕ್ಕೆ ಪ್ಯಾರಿಸ್ಸಿನ ಪಾರಿವಾಳಗಳನ್ನ ಬಲೂನಲ್ಲಿ ಊರ ಹೊರಗೆ ಕಳಿಸಿದ್ರು, ರೆನೆ ದಾಗ್ರೋನ್ ಅನ್ನೋ ಫೋಟೋಗ್ರಾಫರ್ ಕೂಡ ಬಲೂನಲ್ಲೇ ಹೊರಟ, ಜೊತೇಲಿ ಅವನ ಸಲಕರಣೆ ಹೊತ್ತಿದ್ದ ಇನ್ನೊಂದು ಬಲೂನು ಶತ್ರುಗಳ ಕೈಗೆ ಸಿಕ್ತು. ಆದ್ರೂ ಬಿಡದೆ ಅವನು ಹೊರಗಿನಿಂದ ಜನರ ಸಂದೇಶಗಳನ್ನೆಲ್ಲ ತೆಳು ಫಿಲ್ಮಿನ ಚೂರುಗಳಿಗೆ ಇಳಿಸಿ, ಸುರುಳಿ ಸುತ್ತಿ ಪಾರಿವಾಳದ ಬಾಲದ ಗರಿಗೆ ಕಟ್ಟಿ ಬಿಡ್ತಿದ್ದ, ಒಂದು ಹಕ್ಕಿ ಸಾವಿರಾರು ಸಂದೇಶ ಹೊತ್ತು ಬರ್ತಿತ್ತು. ಪ್ಯಾರಿಸ್ಸಿನಲ್ಲಿ ಅದನ್ನ ಮ್ಯಾಜಿಕ್ ಲ್ಯಾಂಟರ್ನಿನಿಂದ ಗೋಡೆ ಮೇಲೆ ಬಿಟ್ಟು ಗುಮಾಸ್ತರು ಕೂತು ಕೈಯಲ್ಲಿ ನಕಲು ಮಾಡ್ಕೊಳ್ತಿದ್ರು. ಈಗಿನ ರೀಡರ್ ಮಷೀನೂ ಅಷ್ಟೇ, ಒಂದು ದೀಪ, ಒಂದು ಲೆನ್ಸು, ಒಂದು ಪರದೆ.

ಆಮೇಲೆ 1920ರ ದಶಕದಲ್ಲಿ ನ್ಯೂಯಾರ್ಕಿನ ಜಾರ್ಜ್ ಮೆಕಾರ್ಥಿ ಅನ್ನೋ ಬ್ಯಾಂಕಿನೋರು ಚೆಕ್ಕುಗಳ ಫೋಟೋ ತೆಗೆಯೋಕೆ ಅಂತ ಒಂದು ಮಷೀನ್ ಮಾಡಿದ್ರು, ಕೊಡಕ್ ಕಂಪನಿ ಅದನ್ನ ತಗೊಂಡು ಮುಂದುವರೆಸ್ತು, 1930ರ ದಶಕದಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಫಿಲ್ಮಿಗೆ ಇಳೀತು. 1938ರಲ್ಲಿ ಯೂಜೀನ್ ಪವರ್ ಅನ್ನೋರು ಮೈಕ್ರೋಫಿಲ್ಮ್ ಮಾಡೋಕೇ ಅಂತ ಯೂನಿವರ್ಸಿಟಿ ಮೈಕ್ರೋಫಿಲ್ಮ್ಸ್ ಅನ್ನೋ ಕಂಪನಿ ಶುರುಮಾಡಿದ್ರು. ಲೈಬ್ರರಿಗಳು ಇದರ ಹಿಂದೆ ಬಿದ್ದಿದ್ದಕ್ಕೆ ಮುಖ್ಯ ಕಾರಣ ಪೇಪರಿನ ಕಾಗದ. ಅದು ಮರದ ತಿರುಳಿನಿಂದ ಮಾಡಿದ್ದು, ಅದರಲ್ಲಿ ಲಿಗ್ನಿನ್ ಅನ್ನೋ ಮರದ ಅಂಶ ಉಳಿದಿರತ್ತೆ, ಆಸಿಡ್ ಇರತ್ತೆ, ಸೋ ಹಳದಿ ತಿರುಗಿ ಆಮೇಲೆ ಮುಟ್ಟಿದ್ರೆ ಪುಡಿಪುಡಿ.

ಆದ್ರೆ ಎಲ್ಲಾ ಫಿಲ್ಮೂ ಗಟ್ಟಿ ಅಲ್ಲ. ಚಿತ್ರದ ಪದರ ಕೂತಿರೋ ಪ್ಲಾಸ್ಟಿಕ್ ಪಟ್ಟಿಗೆ ಬೇಸ್ ಅಂತಾರೆ, ಬಹಳ ಹಳೇ ಸಿನಿಮಾ ಫಿಲ್ಮಿನ ನೈಟ್ರೇಟ್ ಬೇಸ್ ಅಂತೂ ಭಯಂಕರ, ಅದಕ್ಕೆ ಬೆಂಕಿ ಹತ್ತಿದ್ರೆ ನೀರೊಳಗೆ ಮುಳುಗಿಸಿದ್ರೂ ಉರೀತಾ ಇರತ್ತೆ. ಅದರ ಬದಲು ಬಂದ ಅಸಿಟೇಟ್ ಬೇಸಿಗೆ ಬೆಂಕಿ ಭಯ ಇಲ್ಲ ಆದ್ರೆ ಸೆಖೆ, ತೇವಾಂಶ ಇದ್ರೆ ಕೆಲವು ದಶಕದಲ್ಲಿ ಒಡೆದು ಅಸಿಟಿಕ್ ಆಸಿಡ್ ಬಿಡತ್ತೆ, ಆ ಆಸಿಡ್ಡೇ ಮತ್ತೆ ಕೊಳೆಯೋದನ್ನ ಇನ್ನೂ ಜೋರು ಮಾಡತ್ತೆ. ಕ್ಯಾಬಿನೆಟ್ ಬಾಗಿಲು ತೆಗೆದಾಗ ವಿನೆಗರ್ ವಾಸನೆ ಮೂಗಿಗೆ ಹೊಡೆದ್ರೆ ಕಥೆ ಶುರುವಾಗಿದೆ ಅಂತ ಅರ್ಥ, ಫಿಲ್ಮು ಕುಗ್ಗಿ, ಸುಕ್ಕಾಗಿ, ಮೇಲಿನ ಚಿತ್ರದ ಪದರ ಕಿತ್ಕೊಂಡು ಬರತ್ತೆ. ವಾಸನೆ ಗೊತ್ತಾಗೋ ಮುಂಚೆನೇ ಪತ್ತೆಮಾಡೋಕೆ ಬಣ್ಣ ಬದಲಾಯಿಸೋ ಕಾಗದದ ಪಟ್ಟಿಗಳಿವೆ, ಆಸಿಡ್ ಹೆಚ್ಚಾದ ಹಾಗೆ ನೀಲಿಯಿಂದ ಹಸಿರು, ಹಸಿರಿನಿಂದ ಹಳದಿ. ಪಾಲಿಯೆಸ್ಟರ್ ಬೇಸ್ ಮೇಲೆ ಬೆಳ್ಳಿ ಚಿತ್ರ ಇರೋ ಫಿಲ್ಮಿಗೆ ಮಾತ್ರ 500 ವರ್ಷ ಆಯಸ್ಸು ಅಂತ ಅಂದಾಜು, ಅದೂ ಡೆವಲಪ್ ಮಾಡಿದ ಮೇಲೆ ಕೆಮಿಕಲ್ ಉಳೀದಂಗೆ ಚೆನ್ನಾಗಿ ತೊಳೆದು ತಂಪಾದ ಒಣ ಜಾಗದಲ್ಲಿ ಇಟ್ರೆ.

ಈಗ ಪಕ್ಕದ ಕಪಾಟಿಗೆ ಬನ್ನಿ. ಆಡಿಯೋ, ವಿಡಿಯೋ ಟೇಪ್ ಅಂದ್ರೆ ಪ್ಲಾಸ್ಟಿಕ್ ಪಟ್ಟಿ ಮೇಲೆ ಕಾಂತೀಯ ಪುಡಿಯನ್ನ ಅಂಟಿನಲ್ಲಿ ಕಲಸಿ ಬಳಿದಿರೋದು. ಎಷ್ಟೋ ಟೇಪುಗಳಲ್ಲಿ ಆ ಅಂಟು ಗಾಳಿಯ ತೇವ ಹೀರಿ ಜಿಗುಟಾಗತ್ತೆ, ಹಾಕಿ ಪ್ಲೇ ಮಾಡಿದ್ರೆ ಪುಡಿ ಕಿತ್ತು ಪ್ಲೇಯರಿನ ಹೆಡ್ಡಿಗೆ, ಅಂದ್ರೆ ಟೇಪನ್ನ ಓದೋ ಭಾಗಕ್ಕೆ, ಮೆತ್ಕೊಳ್ಳತ್ತೆ. ಅಂಥ ಟೇಪನ್ನ ಸುಮಾರು 50 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸ್ತಾರೆ, ಹೌದು ನಿಜವಾಗ್ಲೂ ಬೇಯಿಸ್ತಾರೆ, ಆಮೇಲೆ ಸ್ವಲ್ಪ ದಿನ ಸರಿಯಿರತ್ತೆ, ಅಷ್ಟರೊಳಗೆ ಕಾಪಿ ಮಾಡ್ಕೋಬೇಕು. ಸಿಡಿ ವಿಷಯದಲ್ಲಿ ನಾವೆಲ್ಲ ಹೊಳೆಯೋ ಕೆಳಭಾಗಕ್ಕೆ ಗೀರು ಬೀಳತ್ತೆ ಅಂತ ಹೆದರ್ತೀವಿ, ಆದ್ರೆ ಆ ಕಡೆ ಒಂದು ಮಿಲಿಮೀಟರಿಗಿಂತ ದಪ್ಪ ಪ್ಲಾಸ್ಟಿಕ್ ಇದೆ, ಲೇಬಲ್ ಕಡೆ ಇರೋದು ತೆಳ್ಳನೆ ಲೇಪ ಅಷ್ಟೇ, ಅದರ ಅಡಿಯಲ್ಲೇ ಅಲ್ಯೂಮಿನಿಯಮ್ ಪದರ, ಬಾಲ್‌ಪೆನ್ನಲ್ಲಿ ಹೆಸರು ಬರೆದ್ರೂ ಡೇಟಾ ಹೋಗಬಹುದು.

ಟೇಪು, ಡಿಸ್ಕು ಚೆನ್ನಾಗೇ ಇದೆ ಅಂತಿಟ್ಕೊಳ್ಳಿ, ಪ್ಲೇ ಮಾಡೋಕೆ ಮಷೀನ್ ಎಲ್ಲಿ? ವಿಎಚ್‌ಎಸ್ ಪ್ಲೇಯರ್ ಮಾಡ್ತಿದ್ದ ಕೊನೇ ದೊಡ್ಡ ಕಂಪನಿ, ಜಪಾನಿನ ಫುನೈ, 2016ರಲ್ಲೇ ನಿಲ್ಲಿಸಿಬಿಡ್ತು. ಹಾಗಾಗಿ ಲೈಬ್ರರಿಗಳು ಹಳೇ ಮಷೀನುಗಳನ್ನ ಬಿಡಿಭಾಗಕ್ಕಾಗಿ ಕೂಡಿಡ್ತಿವೆ, ರಿಪೇರಿ ಗೊತ್ತಿರೋರೂ ಒಬ್ಬೊಬ್ಬರಾಗಿ ನಿವೃತ್ತಿ ಆಗ್ತಿದಾರೆ. ಮೈಕ್ರೋಫಿಲ್ಮಿಗೆ ಈ ತಲೆನೋವು ಇಲ್ಲ, ಇರೋ ರೀಡರೆಲ್ಲ ಕೆಟ್ಟು ಕೂತ್ರೂ ಒಂದು ಭೂತಗನ್ನಡಿ, ಕಿಟಕಿ ಬೆಳಕು ಇದ್ರೆ ಹೇಗೋ ಓದಬಹುದು.

ಹಂಗಂತ ಮೈಕ್ರೋಫಿಲ್ಮನ್ನ ಸುಮ್ನೆ ಹೊಗಳ್ತಾ ಕೂರೋಕೂ ಆಗಲ್ಲ. ಹೆಚ್ಚಿನ ಫಿಲ್ಮು ಕಪ್ಪು ಬಿಳುಪು, ಅಕ್ಷರ ಎದ್ದು ಕಾಣ್ಲಿ ಅಂತ ಕಾಂಟ್ರಾಸ್ಟ್ ಜಾಸ್ತಿ ಇಟ್ಟು ತೆಗೆದಿದ್ದು, ಹಾಗಾಗಿ ಪತ್ರಿಕೆಯ ಫೋಟೋಗಳು ಮಸಿ ಚೆಲ್ಲಿದಂಗಿರತ್ತೆ, ಎಷ್ಟೋ ಕಡೆ ಪುಟ ಬಿಟ್ಟುಹೋಗಿರತ್ತೆ, ಫೋಕಸ್ ತಪ್ಪಿರತ್ತೆ. ಅದಕ್ಕಿಂತ ಕೆಟ್ಟದ್ದು, ಫಿಲ್ಮ್ ಆಯ್ತಲ್ಲ ಅಂತ ಮೂಲ ಪತ್ರಿಕೆಗಳನ್ನೇ ಎಸೆದ ಲೈಬ್ರರಿಗಳೂ ಇವೆ, ಅದು ನನ್ನ ದೃಷ್ಟೀಲಿ ಕ್ಷಮಿಸೋ ತಪ್ಪಲ್ಲ. ಇನ್ನು ಹುಡುಕೋ ವಿಷಯಕ್ಕೆ ಬಂದ್ರೆ ಸ್ಕ್ಯಾನ್ ಮಾಡಿದ ಕಾಪೀನೇ ವಾಸಿ, ರೀಲ್ ತಿರುಗಿಸಿ ತಿರುಗಿಸಿ ತಲೆ ಸುತ್ತು ಬರೋದು ಯಾರಿಗೂ ಬೇಡ. ಸ್ಕ್ಯಾನ್ ಬೇಕು, ಫಿಲ್ಮೂ ಬೇಕು.

ಜರ್ಮನಿಯವರು ಇದನ್ನ ಸೀರಿಯಸ್ಸಾಗೇ ತಗೊಂಡಿದಾರೆ, ಓಬರೀಡ್ ಅನ್ನೋ ಊರಿನ ಹತ್ರ ಹಳೇ ಗಣಿ ಸುರಂಗದಲ್ಲಿ 1975ರಿಂದ ದೇಶದ ಮುಖ್ಯ ದಾಖಲೆಗಳ ಮೈಕ್ರೋಫಿಲ್ಮನ್ನ ಸ್ಟೀಲ್ ಪೀಪಾಯಿಗಳಲ್ಲಿ ಸೀಲ್ ಮಾಡಿ ಇಡ್ತಿದಾರೆ. ಸಾಫ್ಟ್‌ವೇರ್ ಕಂಪನಿ ಗಿಟ್‌ಹಬ್ ಕೂಡ 2020ರಲ್ಲಿ ತನ್ನಲ್ಲಿರೋ ಓಪನ್ ಸೋರ್ಸ್ ಕೋಡನ್ನ, ಅಂದ್ರೆ ಯಾರು ಬೇಕಾದ್ರೂ ನೋಡಿ ಬಳಸಬಹುದಾದ ಪ್ರೋಗ್ರಾಮುಗಳನ್ನ, ಕೊನೆಗೆ ಫಿಲ್ಮಿಗೇ ಇಳಿಸಿ ಉತ್ತರ ಧ್ರುವದ ಹತ್ರ ಸ್ವಾಲ್ಬಾರ್ಡ್ ದ್ವೀಪದ ಹಳೇ ಕಲ್ಲಿದ್ದಲು ಗಣಿಯಲ್ಲಿ ಇಡ್ತು, 186 ರೀಲು. ಕೋಡೆಲ್ಲ ಸಣ್ಣ ಚುಕ್ಕಿಗಳಾಗಿ ಅಚ್ಚಾಗಿದೆ, ಆದ್ರೆ ಈ ಚುಕ್ಕಿಗಳನ್ನ ಹೇಗೆ ಬಿಡಿಸ್ಕೊಬೇಕು ಅನ್ನೋ ಗೈಡನ್ನ ಮಾತ್ರ ಮನುಷ್ಯರು ಕಣ್ಣಲ್ಲಿ ಓದೋ ಅಕ್ಷರಗಳಲ್ಲೇ ಹಾಕಿದಾರೆ, ಐದು ಭಾಷೆಯಲ್ಲಿ, ಹಿಂದಿನೂ ಇದೆ, ಕನ್ನಡ ಇಲ್ಲ.