ಕೆಮ್ಮು ಯಾರದ್ದು? ಮೋಲಿಯೇರ್ ಓದುತ್ತಿರುವವರಿಗೆ ಒಂದು ಟಿಪ್ಪಣಿ

ಕಳೆದ ಕಿರುಪರೀಕ್ಷೆಯಲ್ಲಿ ಫ್ರೆಂಚ್ ನಾಟಕಕಾರ, ನಟ ಮೋಲಿಯೇರನ ಬಗ್ಗೆ ನಾನು "ಮೋಲಿಯೇರ್ ರೋಗಿಷ್ಟನಾಗಿದ್ದ, ಆದ್ದರಿಂದ ರೋಗಿಯ ಮೇಲೆ ನಾಟಕ ಬರೆದ" ಎಂದು ಬರೆದೆ. ಸಾಲಿನ ಕೆಳಗೆ ಕೆಂಪು ಗೆರೆ ಬಿತ್ತು. ಮಂಡ್ಯದಿಂದ ಮೈಸೂರಿಗೆ ಬರುವ ರೈಲಿನಲ್ಲಿ ನಾಲ್ಕು ದಿನ ಅದನ್ನೇ ಕೆದಕಿದ ಮೇಲೆ ಹೊಳೆದದ್ದನ್ನು ಮರೆಯುವ ಮುನ್ನ ಬರೆದಿಡುತ್ತಿದ್ದೇನೆ.

ಜೀವನದ ಸಂಗತಿಗಳು ಎಲ್ಲರ ಬಳಿಯೂ ಇವೆ, ಓಡಿಸಿಬಿಡುತ್ತೇನೆ. 1622ರಲ್ಲಿ ಪ್ಯಾರಿಸ್‌ನಲ್ಲಿ ಜನನ. ಅಪ್ಪ ಅರಮನೆಗೆ ಮೆತ್ತೆ, ಪರದೆ ಒದಗಿಸುವವನು. ಮಗ ಆ ಕಸುಬು ಬಿಟ್ಟು 1643ರಲ್ಲಿ ಬೆಜಾರ್ ಮನೆತನದ ನಟರೊಡನೆ ನಾಟಕ ತಂಡ ಕಟ್ಟಿದ, 1645ರಲ್ಲಿ ಸಾಲಕ್ಕಾಗಿ ಜೈಲು ಕಂಡ, ವರ್ಷಗಟ್ಟಲೆ ಊರೂರು ಅಲೆದು 1658ರಲ್ಲಿ ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿಯ ಮುಂದೆ ಆಡಿ ಗೆದ್ದ. ಅವನ ನಾಟಕ 'ತಾರ್ತುಫ್' 1664ರಲ್ಲಿ ನಿಷೇಧವಾಗಿ 1669ರಲ್ಲಿ ಬಿಡುಗಡೆಯಾಯಿತು. ಅದನ್ನು 'ಆಷಾಢಭೂತಿ'ಯಾಗಿ ಕನ್ನಡಕ್ಕೆ ತಂದವರು ನಮ್ಮ ಜಿಲ್ಲೆಯ ಅಕ್ಕಿಹೆಬ್ಬಾಳಿನ ಎ. ಎನ್. ಮೂರ್ತಿರಾಯರು. ಇದು ಪರೀಕ್ಷೆಗೆ ಬರುವುದಿಲ್ಲ, ನನ್ನ ಹೆಮ್ಮೆಗಷ್ಟೇ.

ನನಗೆ ಕೆಲಸಕ್ಕೆ ಬಂದ ಉಪಾಯ

ನಾಟಕ ತೆರೆಯುವ ಮೊದಲು "ಈ ಪಾತ್ರವನ್ನು ಯಾರು ಆಡಿದರು?" ಎಂದು ನೋಡಿ. ನಮ್ಮ ಕಡೆ ಕುರುಕ್ಷೇತ್ರ ಆಡುವಾಗ ದುರ್ಯೋಧನನ ಪಾತ್ರ ಮೊದಲೇ ಇರುತ್ತದೆ, ಅದಕ್ಕೆ ತಕ್ಕ ಕಂಠ ಹುಡುಕುತ್ತಾರೆ. ಮೋಲಿಯೇರನದು ತಿರುಗುಮುರುಗು. ತಂಡದಲ್ಲಿ ಇರುವ ಮೈಗಳನ್ನು ನೋಡಿ ಪಾತ್ರ ಹೊಲಿಯುತ್ತಾನೆ. 1668ರ 'ಜಿಪುಣ' ನಾಟಕದಲ್ಲಿ ಜಿಪುಣ ಹಾರ್ಪಗಾನ್ ಆಳನ್ನು 'ಕುಂಟ ನಾಯಿ' ಎಂದು ಬೈಯುತ್ತಾನೆ, ಏಕೆಂದರೆ ಆಳಿನ ಪಾತ್ರ ಮಾಡಿದ ಲೂಯಿ ಬೆಜಾರ್ ನಿಜವಾಗಿಯೂ ಕುಂಟುತ್ತಿದ್ದ. ಹಾರ್ಪಗಾನ್ ಆದವನು ಮೋಲಿಯೇರನೇ. ಅವನಿಗೆ ಕೆಮ್ಮು. ಅದನ್ನು ಮುಚ್ಚಿಡುವ ಗೋಜಿಗೆ ಹೋಗದೆ, ಮದುವೆ ಕುದುರಿಸುವ ಫ್ರೋಸಿನ್‌ಳ ಬಾಯಲ್ಲಿ "ನೀವು ಕೆಮ್ಮುವುದೂ ಚೆಂದ" ಎಂಬ ಅರ್ಥದ ಮಾತು ಇಟ್ಟ. ಜಿಪುಣನ ಕಥೆ ಅವನ ಬದುಕಿನದಲ್ಲ, ಕೆಮ್ಮು ಮಾತ್ರ ಅವನದು.

ನಾನು ಎಡವಿದ ಜಾಗ

ಮೋಲಿಯೇರನ ಕೊನೆಯ ನಾಟಕ, 1673ರ 'ಕಾಲ್ಪನಿಕ ರೋಗಿ'ಯ ನಾಯಕ ಆರ್ಗಾನ್‌ಗೆ ರೋಗವಿಲ್ಲ, ರೋಗದ ಭ್ರಮೆ. ಆ ಪಾತ್ರ ಆಡಿದ ಮೋಲಿಯೇರನಿಗೆ ನಿಜವಾದ ರೋಗ. ಬದುಕು ರಂಗಕ್ಕೆ ಬಂದಿದೆ, ಆದರೆ ತಲೆಕೆಳಗಾಗಿ. ನನ್ನ 'ಆದ್ದರಿಂದ'ಕ್ಕೆ ಕೆಂಪು ಗೆರೆ ಬಿದ್ದದ್ದು ಅದಕ್ಕೇ.

ಮೂರನೇ ಅಂಕದಲ್ಲಿ ಇನ್ನೂ ಗಂಟು. ಸೋದರ ಬೆರಾಲ್ಡ್ "ನಿನ್ನನ್ನು ಮೋಲಿಯೇರನ ನಾಟಕಕ್ಕೆ ಕರೆದೊಯ್ಯಬೇಕಿತ್ತು" ಎನ್ನುತ್ತಾನೆ. ಆರ್ಗಾನ್ ಕೆರಳಿ, ತಾನು ವೈದ್ಯನಾಗಿದ್ದರೆ ಆ ಮೋಲಿಯೇರ್ ಕಾಯಿಲೆ ಬಿದ್ದಾಗ ಔಷಧ ಕೊಡದೆ ಸಾಯಲು ಬಿಡುತ್ತಿದ್ದೆ ಎನ್ನುತ್ತಾನೆ. ಬೆರಾಲ್ಡ್‌ನ ಉತ್ತರ: ಅವನಿಗೆ ರೋಗವನ್ನು ತಾಳುವಷ್ಟೇ ಶಕ್ತಿಯಿದೆ, ಔಷಧವನ್ನೂ ತಾಳಲಾರ.

ಶಪಿಸುತ್ತಿರುವವನು ಯಾರು, ಶಾಪ ಯಾರಿಗೆ? ಮೂರು ಸಲ ಓದಿದರೂ ತಿಳಿಯಲಿಲ್ಲ. ಕೊನೆಗೆ ಹೀಗೆ ಊಹಿಸಿಕೊಂಡೆ: ನಾಟಕ ಕಲಿಸಿದ ಹಾರ್ಮೋನಿಯಂ ಮೇಷ್ಟ್ರೇ ಕಿರೀಟ ಇಟ್ಟು ರಂಗಕ್ಕೆ ಬಂದು, "ಈ ನಾಟಕ ಕಲಿಸಿದ ಮೇಷ್ಟ್ರು ಹಾಳಾಗಿ ಹೋಗಲಿ" ಎಂದರೆ? ಊರಿನವರಿಗೆ ಮೇಷ್ಟ್ರು ಗೊತ್ತು, ನಗುತ್ತಾರೆ. ಕಿರೀಟದೊಳಗಿನ ದುರ್ಯೋಧನನಿಗೆ ಮಾತ್ರ ಗೊತ್ತಿಲ್ಲ. ಪುಸ್ತಕದ ಅಂಚಿನಲ್ಲಿ ಒಂದರೊಳಗೊಂದು ಮೂರು ವೃತ್ತ ಬರೆದೆ: ಹೊರಗೆ ಆಡುತ್ತಿರುವ ಮೋಲಿಯೇರ್, ಅದರೊಳಗೆ ಆರ್ಗಾನ್, ಆರ್ಗಾನ್‌ನ ಬಾಯೊಳಗೆ ಬೈಗುಳ ತಿನ್ನುವ ಮತ್ತೊಬ್ಬ ಮೋಲಿಯೇರ್. ಅದೇ ಅಂಕದಲ್ಲಿ ಆರ್ಗಾನ್ ಹೆಂಡತಿಯನ್ನು ಪರೀಕ್ಷಿಸಲು ಸತ್ತಂತೆ ನಟಿಸಬೇಕು. ಮಲಗುವ ಮುನ್ನ, ಸತ್ತಂತೆ ನಟಿಸಿದರೆ ಅಪಾಯವೇನೂ ಇಲ್ಲವಷ್ಟೆ ಎಂದು ಕೇಳುತ್ತಾನೆ.

ಫೆಬ್ರುವರಿ 17, ನಾಲ್ಕನೇ ಪ್ರದರ್ಶನ. ರಂಗದ ಮೇಲೆಯೇ ಮೋಲಿಯೇರನಿಗೆ ಸೆಳೆತ ಬಂತು. ನಾಟಕ ಮುಗಿಸಿ ಮನೆಗೆ ಹೋದ, ಅದೇ ರಾತ್ರಿ ತೀರಿಕೊಂಡ, ವಯಸ್ಸು 51. ನಟರಿಗೆ ಚರ್ಚಿನ ಸಂಸ್ಕಾರ ಸುಲಭವಾಗಿ ಸಿಗುತ್ತಿರಲಿಲ್ಲ. ಹೆಂಡತಿ ಅರ್ಮಾಂಡ್ ರಾಜನಲ್ಲಿ ಬೇಡಿಕೊಂಡ ಮೇಲೆ ರಾತ್ರಿ ಹೊತ್ತು ಹೂಳಿದರು. ಮಾರ್ಚ್‌ನಲ್ಲಿ ತಂಡ ಇದೇ ನಾಟಕವನ್ನು ಮತ್ತೆ ಆಡಿತು, ಆರ್ಗಾನ್ ಆಗಿ ಬೇರೊಬ್ಬ ನಟ ಕುರ್ಚಿಯಲ್ಲಿ ಕೂತ. ನನ್ನ ಚಿತ್ರದ ಹೊರವೃತ್ತವನ್ನು ಅಳಿಸಿ ಅವನ ಹೆಸರು ಬರೆಯಬೇಕಾಯಿತು.