ಹಲಗೆಯ ಕೆಳಗಿನ ನೀರು

ಮರದ ನೆಲ ಹಾಕಿಸಿದ ಕೋಣೆಯಲ್ಲಿ ಗೋಡೆಬುಡದ ಸ್ಕರ್ಟಿಂಗ್ ಪಟ್ಟಿಯನ್ನು ಕಿತ್ತು ನೋಡಿ. ಹಲಗೆ ಗೋಡೆಗೆ ತಾಗಿರುವುದಿಲ್ಲ. ಸುತ್ತಲೂ ಸುಮಾರು 10 ಮಿಲಿಮೀಟರ್ ಸಂದು ಬಿಟ್ಟಿರುತ್ತಾರೆ. ಕೆಲಸ ಬಲ್ಲವರು ಹಲಗೆಯ ಅಂದಕ್ಕಿಂತ ಈ ಸಂದಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳುತ್ತಾರೆ. ಮರವನ್ನು ಕಡಿದು, ಕೊಯ್ದು, ಒಣಗಿಸಿ, ಮೇಲೆ ವಾರ್ನಿಷ್ ಬಳಿದ ನಂತರವೂ ಅದು ಗಾಳಿಯಿಂದ ತೇವ ಹೀರುತ್ತಲೇ ಇರುತ್ತದೆ, ಬಿಡುತ್ತಲೇ ಇರುತ್ತದೆ. ನೆಲ ಹಾಸುವುದು ಬರೀ ಬಡಗಿ ಕೆಲಸ ಎಂದುಕೊಂಡವರು ಎಡವುವುದು ಇಲ್ಲೇ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರಿನ ಲೆಕ್ಕಾಚಾರ.

ಮರದ ಜೀವಕೋಶಗಳ ಗೋಡೆಯನ್ನು ಕಟ್ಟಿರುವುದು ಸೆಲ್ಯುಲೋಸಿನ ಅತಿ ಸಣ್ಣ ಎಳೆಗಳು. ಅವು ಬಹುಮಟ್ಟಿಗೆ ಕಾಂಡದ ಉದ್ದಕ್ಕೆ ಸಾಗುತ್ತವೆ. ಎಳೆಗಳ ಮೇಲೆ, ಅವುಗಳ ನಡುವೆ ತುಂಬಿಕೊಂಡ ಹೆಮಿಸೆಲ್ಯುಲೋಸಿನ ಮೇಲೆ, ನೀರನ್ನು ಸೆಳೆಯುವ ಹೈಡ್ರಾಕ್ಸಿಲ್ ಗುಂಪುಗಳು ಸಾಲುಸಾಲಾಗಿ ಇರುತ್ತವೆ. ಗಾಳಿಯಲ್ಲಿ ತೇವ ಏರಿದಾಗ ನೀರಿನ ಅಣುಗಳು ಎಳೆಗಳ ನಡುವೆ ನುಸುಳಿ ಅವನ್ನು ಪಕ್ಕಕ್ಕೆ ಸರಿಸುತ್ತವೆ. ಆದ್ದರಿಂದಲೇ ಹಲಗೆ ಹಿಗ್ಗುವುದು ಅಡ್ಡಕ್ಕೆ. ಉದ್ದಕ್ಕೆ ಹೆಚ್ಚೂಕಮ್ಮಿ ಇಲ್ಲವೇ ಇಲ್ಲ. ಹಸಿ ಓಕ್ ಪೂರ್ತಿ ಒಣಗುವಾಗ ಉದ್ದದಲ್ಲಿ ಶೇ. 0.1ರಿಂದ 0.2ರಷ್ಟು ಕುಗ್ಗಿದರೆ, ಬೆಳವಣಿಗೆಯ ಉಂಗುರಗಳ ಗುಂಟ ಶೇ. 8ರಿಂದ 10ರಷ್ಟು ಕುಗ್ಗುತ್ತದೆ.

ಇದರ ಪರಿಣಾಮ ಎಷ್ಟೆಂದು ಒಂದು ಲೆಕ್ಕ ಹಾಕೋಣ. ಸಾಮಾನ್ಯ ಉಷ್ಣತೆಯಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 30 ಇದ್ದರೆ ಮರದ ತೇವಾಂಶ ಸುಮಾರು ಶೇ. 6ಕ್ಕೆ ಬಂದು ನಿಲ್ಲುತ್ತದೆ, ಆರ್ದ್ರತೆ ಶೇ. 55 ಆದರೆ ಸುಮಾರು ಶೇ. 10ಕ್ಕೆ. ಕೆಂಪು ಓಕಿನ ಗಟ್ಟಿ ಹಲಗೆಗಳನ್ನು 4 ಮೀಟರ್ ಅಗಲಕ್ಕೆ ಒತ್ತೊತ್ತಾಗಿ ಜೋಡಿಸಿ, ತೇವಾಂಶ 6ರಿಂದ 10ಕ್ಕೆ ಏರಿತು ಎಂದುಕೊಳ್ಳಿ. ತಡೆಯುವವರಿಲ್ಲದಿದ್ದರೆ ನೆಲ ಸುಮಾರು 59 ಮಿ.ಮೀ. ಅಗಲವಾಗುತ್ತದೆ! ಗೋಡೆಯೇನೂ ಹಿಂದೆ ಸರಿಯುವುದಿಲ್ಲ. ಎಲ್ಲೋ ಒಂದು ಕಡೆ ನೆಲ ಎದ್ದು ನಿಲ್ಲಲೇಬೇಕು.

ಇದಕ್ಕೆ ಕಂಡುಕೊಂಡ ಮದ್ದು ಬಹಳ ಹಳೆಯದು. ಈಜಿಪ್ಟಿನ ಸಕ್ಕಾರದ ಮೆಟ್ಟಿಲು ಪಿರಮಿಡ್ಡಿನಲ್ಲಿ ಸಿಕ್ಕ ಶವಪೆಟ್ಟಿಗೆಯೊಂದನ್ನು ಆರು ತೆಳು ಮರದ ಪದರಗಳಿಂದ, ಒಂದರ ನಾರು ಇನ್ನೊಂದಕ್ಕೆ ಅಡ್ಡ ಬರುವಂತೆ ಮಾಡಲಾಗಿತ್ತು. ಅದೇ ಉಪಾಯ ನೆಲಕ್ಕೆ ಇಳಿದದ್ದು ಮಾತ್ರ ಇತ್ತೀಚೆಗೆ: ಸ್ವೀಡನ್ನಿನ ಕೇರ್ಸ್ ಕಂಪನಿ ಪದರದ ಮರದ ನೆಲಕ್ಕೆ ಪೇಟೆಂಟ್ ಪಡೆದದ್ದು 1941ರಲ್ಲಿ. ಇವತ್ತು ಎಂಜಿನಿಯರ್ಡ್ ವುಡ್ ಎಂದು ಮಾರುವ ಹಲಗೆಯ ತುದಿಯನ್ನು ಬೆಳಕಿಗೆ ಹಿಡಿದರೆ ಒಳಗುಟ್ಟು ಕಾಣುತ್ತದೆ. ಮೇಲೆ 0.6ರಿಂದ 6 ಮಿ.ಮೀ. ದಪ್ಪದ ಅಸಲಿ ಓಕ್ ಅಥವಾ ತೇಗ, ನಡುವೆ ಪ್ಲೈವುಡ್ ಅಥವಾ ಅಡ್ಡಕ್ಕೆ ಜೋಡಿಸಿದ ಮೆದುಮರದ ಪಟ್ಟಿಗಳು, ತಳದಲ್ಲಿ ಮತ್ತೊಂದು ತೆಳು ಪದರ. ಮರ ನಾರಿನ ಉದ್ದಕ್ಕೆ ಎಷ್ಟು ಬಿಗಿಯೋ ಅಡ್ಡಕ್ಕೆ ಸುಮಾರು ಅದರ ಹತ್ತನೇ ಒಂದು ಪಾಲು ಮಾತ್ರ. ಮೇಲಿನ ಪದರ ಅಡ್ಡಕ್ಕೆ ಹಿಗ್ಗಲು ಹೊರಟಾಗ, ಅದೇ ದಿಕ್ಕಿನಲ್ಲಿ ನಾರು ಚಾಚಿಕೊಂಡಿರುವ ಕೆಳಗಿನ ಪದರ ಕದಲುವುದಿಲ್ಲ. ಜಗ್ಗಾಟದಲ್ಲಿ ಗೆಲ್ಲುವುದು ಕೆಳಗಿನದೇ.

ಜಾಹೀರಾತುಗಳು ಇಷ್ಟಕ್ಕೇ ನಿಲ್ಲಿಸಿಬಿಡುತ್ತವೆ. ಹಿಗ್ಗಲು ಬಿಡದೆ ತಡೆದ ಬಲ ಎಲ್ಲಿಗೂ ಹೋಗಿರುವುದಿಲ್ಲ, ಅಂಟಿನ ಗೆರೆಯಲ್ಲಿ ಒತ್ತಡವಾಗಿ ಕೂತಿರುತ್ತದೆ. ಕೋಣೆಯ ಗಾಳಿ ತೀರಾ ಒಣಗಿದರೆ ಮೇಲ್ಪದರ ಕುಗ್ಗುತ್ತದೆ, ತಳ ಬಿಡುವುದಿಲ್ಲ. ಹಲಗೆಯ ಅಂಚುಗಳು ಮೇಲಕ್ಕೆದ್ದು ನಡು ಕುಳಿಯುತ್ತದೆ, ಇಲ್ಲವೇ ಮೈಮೇಲೆ ಕೂದಲೆಳೆಯಂಥ ಬಿರುಕು ಮೂಡುತ್ತದೆ. ತಮಾಷೆಯೆಂದರೆ, ಕೆಳಗಿನಿಂದ ತೇವ ಏರಿದಾಗಲೂ ಹಲಗೆ ಇದೇ ರೀತಿ ದೋಣಿಯಾಕಾರಕ್ಕೆ ತಿರುಗುತ್ತದೆ. ಬರಿಗಣ್ಣಿಗೆ ಎರಡೂ ಒಂದೇ. ತೇವಮಾಪಕ ಇಟ್ಟು ನೋಡದೆ ಕಾರಣ ಹೇಳುವವರನ್ನು ನಂಬಬೇಡಿ.

ಆ ಕೆಳಗಿನ ತೇವ ಬರುವುದು ಹೆಚ್ಚಾಗಿ ಕಾಂಕ್ರೀಟಿನಿಂದ. ಒಂದು ಘನ ಮೀಟರ್ ಕಾಂಕ್ರೀಟಿಗೆ 350 ಕಿಲೋ ಸಿಮೆಂಟು, 175 ಲೀಟರ್ ನೀರು ಹಾಕಿದರೆ, ಸಿಮೆಂಟಿನೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುವುದು ಆ ನೀರಿನ ಅರ್ಧದಷ್ಟು. ಉಳಿದದ್ದು ಸೂಕ್ಷ್ಮ ರಂಧ್ರಗಳಲ್ಲಿ ಕೂತು, ಒಂದಿಷ್ಟು ತಿಂಗಳುಗಟ್ಟಲೆ ಆವಿಯಾಗುತ್ತಾ ಹೋಗುತ್ತದೆ. 28 ದಿನಕ್ಕೆ ಕಾಂಕ್ರೀಟು ನಿರೀಕ್ಷಿತ ಬಲಕ್ಕೆ ಬರುತ್ತದೆ ಎಂಬುದನ್ನೇ ಹಿಡಿದು ಒಣಗಿತು ಎಂದು ತೀರ್ಮಾನಿಸುವವರು ಬಹಳ. ಗಟ್ಟಿಯಾಗಲೆಂದೇ ನಾವು ಅದಕ್ಕೆ ದಿನಾ ನೀರು ಕುಡಿಸಿರುತ್ತೇವೆ! ಒಣಗಲು ಪ್ರತಿ 25 ಮಿ.ಮೀ. ದಪ್ಪಕ್ಕೆ ಒಂದು ತಿಂಗಳು ಎಂಬುದು ಕಟ್ಟುವವರ ರೂಢಿ ಲೆಕ್ಕ, 100 ಮಿ.ಮೀ. ಸ್ಲ್ಯಾಬಿಗೆ ನಾಲ್ಕು ತಿಂಗಳು. ಅದೂ ಅಂದಾಜೇ.

ಪರೀಕ್ಷೆ ಹೇಗೆ? ಪ್ಲಾಸ್ಟಿಕ್ ಹಾಳೆಯ ಅಂಚುಗಳಿಗೆ ಟೇಪು ಹಚ್ಚಿ, ಮರುದಿನ ಅಡಿಯಲ್ಲಿ ಹನಿ ಕಟ್ಟಿದೆಯೇ ಎಂದು ನೋಡುವ ಹಳೆಯ ಪದ್ಧತಿಯಿದೆ. ನನಗೆ ಅದರ ಮೇಲೆ ಅಷ್ಟೇನೂ ಭರವಸೆಯಿಲ್ಲ, ಅದು ಹೇಳುವುದು ಮೇಲ್ಮೈಯ ಸುದ್ದಿ ಮಾತ್ರ. ಮೇಲೆ ಒಣಗಿದ ಸ್ಲ್ಯಾಬು ಒಳಗೆ ಹಸಿಯಾಗಿಯೇ ಇರಬಹುದು. ಹಲಗೆ ಮುಚ್ಚಿದ ಮೇಲೆ ಆವಿಗೆ ದಾರಿ ತಪ್ಪಿ, ಒಳಗಿನ ತೇವ ಮೇಲಿನವರೆಗೂ ಹರಡಿಕೊಳ್ಳುತ್ತದೆ. ಅದಕ್ಕಾಗಿ ಸ್ಲ್ಯಾಬಿನಲ್ಲಿ ತೂತು ಕೊರೆದು, ದಪ್ಪದ ಶೇ. 40ರಷ್ಟು ಆಳದಲ್ಲಿ ಆರ್ದ್ರತೆ ಅಳೆಯುವ ಕಡ್ಡಿ ಇಡುತ್ತಾರೆ: 100 ಮಿ.ಮೀ. ಸ್ಲ್ಯಾಬಾದರೆ 40 ಮಿ.ಮೀ. ಆಳ. ಮೇಲಿನಿಂದ ಮಾತ್ರ ಒಣಗುತ್ತಿರುವ ಸ್ಲ್ಯಾಬನ್ನು ನಾಳೆ ಮುಚ್ಚಿದರೆ ಅದರ ಮೈಯೆಲ್ಲ ಯಾವ ಆರ್ದ್ರತೆಗೆ ಬಂದು ನಿಲ್ಲುತ್ತದೋ, ಹೆಚ್ಚುಕಡಿಮೆ ಅದನ್ನೇ ಆ ಆಳ ಇವತ್ತೇ ತೋರಿಸುತ್ತದೆ. ಎಷ್ಟರೊಳಗೆ ಇರಬೇಕು ಎಂಬುದು ಹಲಗೆ ಮತ್ತು ಅಂಟು ತಯಾರಿಸಿದವರ ಸೂಚನೆಯಲ್ಲಿ ಬರೆದಿರುತ್ತದೆ. ಹೆಚ್ಚಿದ್ದರೆ ಕಾಯಬೇಕು, ಇಲ್ಲವೇ ತೇವ ತಡೆಯುವ ಲೇಪ ಬಳಿಯಬೇಕು.

ಒಣಗಿದ ಮೇಲೆ ಸಮತಟ್ಟು. ನೆಲ ಒಂದು ಕಡೆಗೆ ತುಸು ವಾಲಿದ್ದರೆ ಹಲಗೆಗೆ ತೊಂದರೆಯಿಲ್ಲ, ಉಬ್ಬುತಗ್ಗು ಇರಬಾರದು. ಸಾಮಾನ್ಯವಾಗಿ ಒಪ್ಪುವ ಮಿತಿ 3 ಮೀಟರಿಗೆ 5 ಮಿ.ಮೀ. ಉದ್ದನೆಯ ನೇರ ಪಟ್ಟಿಯನ್ನು ನೆಲದ ಮೇಲೆ ನಾಲ್ಕಾರು ದಿಕ್ಕಿಗೆ ಇಟ್ಟು, ಅಡಿಯಲ್ಲಿ ಬೆಳಕು ಇಣುಕುವಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದರೆ ತಗ್ಗುಗಳ ನಕ್ಷೆಯೇ ಸಿದ್ಧ. ತಗ್ಗಿನ ಮೇಲೆ ಬಂದ ಹಲಗೆ ಪ್ರತಿ ಹೆಜ್ಜೆಗೂ ಬಾಗುತ್ತದೆ, ಹಲಗೆಯಂಚಿನ ನಾಲಿಗೆ ಮತ್ತು ಅದು ಕೂತ ಪಕ್ಕದ ಹಲಗೆಯ ತೋಡು ಉಜ್ಜಾಡುತ್ತವೆ, ಮೊದಲು ಕಿರುಗುಟ್ಟುತ್ತದೆ, ಕೊನೆಗೆ ನಾಲಿಗೆ ಮುರಿಯುತ್ತದೆ. ಮೆತ್ತಗಿರಲಿ ಎಂದು ಅಡಿಗೆ ದಪ್ಪ ಫೋಮ್ ಹಾಸುವವರು ಇದೇ ತೊಂದರೆಯನ್ನು ಇಡೀ ಕೋಣೆಗೆ ಹಂಚುತ್ತಾರೆ.

ಹಲಗೆಯ ಪೆಟ್ಟಿಗೆಗಳನ್ನು, ನೆಲ ಹಾಸಬೇಕಾದ ಕೋಣೆಯಲ್ಲೇ ಎರಡು ಮೂರು ದಿನ ಮಲಗಿಸಿಡಿ ಎಂದು ಬಹಳಷ್ಟು ತಯಾರಕರು ಹೇಳುತ್ತಾರೆ. ಕೆಲವರು ಹಾಸುವವರೆಗೂ ಪೆಟ್ಟಿಗೆ ಬಿಚ್ಚಲೇಬೇಡಿ ಎನ್ನುತ್ತಾರೆ. ಅವರವರ ಸೂಚನೆಯನ್ನೇ ಪಾಲಿಸಿ. ಆದರೆ ಪ್ಲಾಸ್ಟರು, ಬಣ್ಣ ಇನ್ನೂ ಹಸಿಯಿರುವ ಮನೆಯಲ್ಲಿ ಈ ಕಾಯುವಿಕೆಗೆ ಅರ್ಥವೇ ಇಲ್ಲ. ಮರ ಹೊಂದಿಕೊಳ್ಳಬೇಕಾದದ್ದು ಜನ ವಾಸಿಸುವಾಗಿನ ಗಾಳಿಗೆ.

ಜೋಡಣೆಗೆ ಮೂರು ದಾರಿ: ಮರದ ತಳಹದಿಯಿದ್ದರೆ ಮೊಳೆ, ಕಾಂಕ್ರೀಟಿನ ಮೇಲೆ ಅಂಟು, ಇಲ್ಲವೇ ಯಾವುದಕ್ಕೂ ಅಂಟಿಸದೆ ಹಲಗೆಗೆ ಹಲಗೆ ಸಿಕ್ಕಿಸಿ ತೇಲಿಬಿಡುವುದು. ತೇಲುವ ನೆಲ ಇಡಿಯಾಗಿ ಸರಿದಾಡುತ್ತದೆ, ಹಾಗಾಗಿ ಅದರ ಮೇಲೆ ಅಡುಗೆಮನೆಯ ಭಾರದ ಕಪಾಟುಗಳನ್ನು ಬಿಗಿದರೆ ಒಂದು ಕಡೆ ಕಟ್ಟಿಹಾಕಿದಂತಾಗಿ ಇನ್ನೊಂದು ಕಡೆ ಸಂದು ಬಿಡುತ್ತದೆ. ಕಾಂಕ್ರೀಟಿನ ಮೇಲೆ ತೇಲಿಸುವಾಗ ಕೆಳಗೆ ಪಾಲಿಥೀನ್ ಹಾಳೆ ಬೇಕು, ಅಂಚಿನ ಮೇಲೆ ಅಂಚು ಬರುವಂತೆ ಹಾಸಿ ಟೇಪು ಹಚ್ಚಿ.

ಮೊದಲ ಹಲಗೆ ಇಡುವ ಮುನ್ನ ಕೊನೆಯ ಸಾಲಿನ ಲೆಕ್ಕ ಹಾಕಿಕೊಳ್ಳಬೇಕು. ಕೋಣೆ 3,650 ಮಿ.ಮೀ. ಅಗಲ, ಹಲಗೆ 190 ಮಿ.ಮೀ. ಅಂದುಕೊಳ್ಳಿ. ಎರಡೂ ಬದಿ 10 ಮಿ.ಮೀ. ಬಿಟ್ಟರೆ ಉಳಿಯುವುದು 3,630. ಹತ್ತೊಂಬತ್ತು ಸಾಲು ಮುಗಿದ ಮೇಲೆ ಬರೀ 20 ಮಿ.ಮೀ.ನ ಸೀಳು ಬೇಕಾಗುತ್ತದೆ. ಅಷ್ಟು ಸಪೂರ ಪಟ್ಟಿ ನಿಲ್ಲುವುದಿಲ್ಲ. ಹದಿನೆಂಟು ಪೂರ್ತಿ ಸಾಲು ಇಟ್ಟುಕೊಂಡು, ಮೊದಲ ಮತ್ತು ಕೊನೆಯ ಸಾಲನ್ನು ತಲಾ 105 ಮಿ.ಮೀ.ಗೆ ಕೊಯ್ದರೆ ಸಮಸ್ಯೆ ಮುಗಿಯಿತು. ನಾಲ್ಕೈದು ಪೆಟ್ಟಿಗೆಗಳಿಂದ ಬೆರೆಸಿ ಹಲಗೆ ತೆಗೆದರೆ ಬಣ್ಣದ ಏರುಪೇರು ಒಂದೇ ಕಡೆ ಗುಂಪಾಗುವುದಿಲ್ಲ. ಬಾಗಿಲ ಚೌಕಟ್ಟಿನ ಸುತ್ತ ಹಲಗೆಯನ್ನು ಕೊರೆಯುವ ಬದಲು ಚೌಕಟ್ಟಿನ ಬುಡವನ್ನೇ ಹಲಗೆಯ ದಪ್ಪಕ್ಕೆ ಕತ್ತರಿಸಿ ಅಡಿಗೆ ತೂರಿಸುವುದು ಜಾಣತನ.

ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಬೇಕು. ಹಬೆ ಬಿಡುವ ಯಂತ್ರವಂತೂ ಬೇಡವೇ ಬೇಡ. ಮುಂದೆ ಗೀರುಗಳು ಹೆಚ್ಚಾದಾಗ ಉಜ್ಜಿ ಹೊಸದು ಮಾಡಬಹುದೇ ಎಂಬುದನ್ನು ಮೇಲ್ಪದರದ ದಪ್ಪವೇ ನಿರ್ಧರಿಸುತ್ತದೆ. 0.6 ಮಿ.ಮೀ. ಇದ್ದರೆ ಉಜ್ಜುವ ಯಂತ್ರವನ್ನು ಹತ್ತಿರಕ್ಕೂ ತರುವಂತಿಲ್ಲ, 4 ಮಿ.ಮೀ. ಇದ್ದರೆ ಒಂದಕ್ಕಿಂತ ಹೆಚ್ಚು ಸಲ ಉಜ್ಜಿಸಬಹುದು. ಈ ಅಂಕಿ ಪೆಟ್ಟಿಗೆಯ ಮೇಲೆ ಇರುತ್ತದೆ, ಕೊಳ್ಳುವಾಗಲೇ ಓದಿಕೊಳ್ಳಿ.